ಪರ್ವತದ ದಾರಿ: ಕಾಲ್ನಡೆಯಿಂದ ಕಾರಿನವರೆಗೆ

ಸವಡಿ ಎರೆಭೂಮಿಯ ಊರು. ರೋಣ ಸೀಮೆಯ ಈ ಭಾಗದಲ್ಲಿ ಕಣ್ಣು ಹಾಯುವಷ್ಟು ದೂರವೂ ಜೋಳ, ಕಡಲೆ, ಹತ್ತಿಯ ಹೊಲಗಳೇ ಹೊರತು ಪರ್ವತವೆಂಬ ಹೆಸರಿಗೆ ತಕ್ಕ ಏರು ಎದುರಾಗುವುದಿಲ್ಲ. ಗಜೇಂದ್ರಗಡದ ಗುಡ್ಡಸಾಲು ಕಾಣಬೇಕಾದರೂ ಮೂಡಲಿಗೆ ಸಾಗಬೇಕು. ಆದರೂ ಈ ಸೀಮೆಯ ಮನೆಮನೆಗಳಲ್ಲಿ ಪರ್ವತವಿದೆ. ಪರ್ವತಪ್ಪ, ಪರ್ವತಗೌಡ, ಪರ್ವತವ್ವ, ಮಲ್ಲಪ್ಪ, ಮಲ್ಲವ್ವ, ಚೆನ್ನಮಲ್ಲಪ್ಪ, ಶ್ರೀಶೈಲಪ್ಪ ಎಂಬ ಹೆಸರುಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತವೆ. ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ, ನಲ್ಲಮಲೆಯ ಅಡವಿಯ ನಡುವೆ ಇರುವ ಒಂದು ಶಿಖರವು ಬಯಲುಸೀಮೆಯ ಮಕ್ಕಳ ಹೆಸರಾಗಿ ನೆಲೆಸಿತೆಂದರೆ, ಅದಕ್ಕೆ ಕಾರಣ ಆ ಶಿಖರವನ್ನು ತಲೆತಲಾಂತರದಿಂದ ಮುಟ್ಟಿಬಂದ ಕಾಲುಗಳು. ಶ್ರೀಶೈಲದ ಇತಿಹಾಸವನ್ನು ದೇವಾಲಯದ ಇತಿಹಾಸವಾಗಿ ಅನೇಕರು ಬರೆದಿದ್ದಾರೆ. ಅದರ ದಾರಿಯ ಇತಿಹಾಸದ ಕಡೆಗೆ ಲಕ್ಷ್ಯ ಹರಿದದ್ದು ಕಡಿಮೆ.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಶ್ರೀಶೈಲವು ಎತ್ತರದಿಂದ ದುರ್ಗಮವಾದ ಕ್ಷೇತ್ರವಲ್ಲ. ಸಮುದ್ರಮಟ್ಟದಿಂದ ಅದರ ಎತ್ತರ ಐನೂರು ಮೀಟರನ್ನೂ ಮುಟ್ಟುವುದಿಲ್ಲ. ಹಿಮಾಲಯದ ಕೇದಾರವಾದರೋ ಮೂರೂವರೆ ಸಾವಿರ ಮೀಟರಿಗೂ ಮೇಲೆ ಇದೆ. ಶ್ರೀಶೈಲದ ಕಾಠಿಣ್ಯವಿದ್ದುದು ಅಡವಿಯಲ್ಲಿ ಮತ್ತು ನೀರಿನ ಅಭಾವದಲ್ಲಿ. ಕನ್ನಡ ನಾಡಿನಿಂದ ಜನ ಹೊರಡುತ್ತಿದ್ದುದಾದರೂ ಯಾವ ಕಾಲದಲ್ಲಿ? ಹಿಂಗಾರಿ ಬೆಳೆ ಕೈಸೇರಿ, ಜೋಳ ಕಡಲೆಗಳ ರಾಶಿ ಮುಗಿದು, ಹೊಲದಲ್ಲಿ ಕೆಲಸವಿಲ್ಲದ ಫಾಲ್ಗುಣ ಮಾಸದಲ್ಲಿ. ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಸನ್ನಿಧಿಯಲ್ಲಿರಬೇಕೆಂಬುದು ಅವರ ಸಂಕಲ್ಪ. ಒಕ್ಕಲಿಗನಿಗೆ ಬಿಡುವಾಗುವ ಕಾಲವೂ ಅಡವಿಯ ಹಳ್ಳಕೊಳ್ಳಗಳು ಬತ್ತುವ ಕಾಲವೂ ಒಂದೇ ಆದುದರಿಂದ, ಈ ಯಾತ್ರೆಯಲ್ಲಿ ನೀರು ಎಂಬುದು ಪ್ರಾಣದ ಪ್ರಶ್ನೆಯಾಯಿತು. ದಾರಿಯ ತಂಗುದಾಣಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಆತ್ಮಕೂರಿನ ಕಡೆಯಿಂದ ವೆಂಕಟಾಪುರವನ್ನು ದಾಟಿ ಅಡವಿ ಹೊಕ್ಕವರು ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳ ಮೂಲಕ ಕೈಲಾಸದ್ವಾರವನ್ನು ಏರಿ ಶಿಖರವನ್ನು ಸೇರುತ್ತಾರೆ. ಪೆದ್ದಚೆರುವು ಎಂದರೆ ದೊಡ್ಡ ಕೆರೆ. ಯಾತ್ರಿಕನ ನೆನಪಿನಲ್ಲಿ ದಾರಿಯೆಂಬುದು ನೀರಿನಿಂದ ನೀರಿಗೆ ಸಾಗುವ ನಡಿಗೆಯಾಗಿತ್ತು.

ಕನ್ನಡಿಗರ ಪಾಲಿಗೆ ಶ್ರೀಶೈಲದ ಬಾಗಿಲು ಆಲಂಪುರ. ಕ್ಷೇತ್ರಕ್ಕೆ ಮೂಡಲಲ್ಲಿ ತ್ರಿಪುರಾಂತಕ, ತೆಂಕಣದಲ್ಲಿ ಸಿದ್ಧವಟ, ಪಡುವಣದಲ್ಲಿ ಆಲಂಪುರ, ಬಡಗಣದಲ್ಲಿ ಉಮಾಮಹೇಶ್ವರ ಎಂದು ನಾಲ್ಕು ದ್ವಾರಗಳನ್ನು ಸಂಪ್ರದಾಯವು ಹೇಳುತ್ತದೆ. ತುಂಗಭದ್ರೆಯ ದಡದ ಆಲಂಪುರದಲ್ಲಿರುವ ನವಬ್ರಹ್ಮ ದೇವಾಲಯಗಳು ಬಾದಾಮಿ ಚಾಲುಕ್ಯರ ಕಾಲದವು. 7-8ನೆಯ ಶತಮಾನಗಳ ರಚನೆಗಳು. ರೋಣ ಸೀಮೆಯ ಯಾತ್ರಿಕನು ಬಾದಾಮಿ, ಪಟ್ಟದಕಲ್ಲುಗಳ ನೆರೆಯಿಂದ ಹೊರಟು, ವಾರಗಟ್ಟಲೆ ನಡೆದು, ಪರನಾಡಿನ ಹೊಸ್ತಿಲಿನಲ್ಲಿ ಕಾಣುವುದು ತನ್ನ ನೆರೆಯ ಅರಸರು ಕಟ್ಟಿಸಿದ ಗುಡಿಗಳನ್ನೇ. ಈ ದಾರಿ ಚಾಲುಕ್ಯರ ಕಾಲಕ್ಕೇ ಸವೆದ ದಾರಿಯೆಂದು ಊಹಿಸಲು ಇದಕ್ಕಿಂತ ಪ್ರಬಲವಾದ ಆಧಾರ ಬೇಕಿಲ್ಲ.

ಹನ್ನೆರಡನೆಯ ಶತಮಾನದ ಶರಣರ ಚರಿತ್ರೆಯಲ್ಲಿ ಈ ದಾರಿಗೆ ವಿಶಿಷ್ಟ ಸ್ಥಾನವಿದೆ. ಅಕ್ಕಮಹಾದೇವಿಯು ಕಲ್ಯಾಣದಿಂದ ಹೊರಟು ಕದಳಿಯಲ್ಲಿ ಐಕ್ಯಳಾದಳು. ಅಲ್ಲಮಪ್ರಭುವಿನ ಐಕ್ಯವನ್ನೂ ಪರಂಪರೆಯು ಕದಳಿಗೇ ಸೇರಿಸುತ್ತದೆ. ಇಲ್ಲಿ ಒಂದು ತೊಡಕಿದೆ. ತೀರ್ಥದಿಂದ ತೀರ್ಥಕ್ಕೆ ಅಲೆಯುವುದನ್ನು ವಚನಕಾರರು ಕಟುವಾಗಿ ಟೀಕಿಸಿದವರು. ಸ್ಥಾವರಕ್ಕಿಂತ ಜಂಗಮವನ್ನು ಮೇಲೆ ಇರಿಸಿದವರು. ಅಂಥವರ ಬಾಳಿನ ಕೊನೆಯ ದಾರಿ ಪರ್ವತದ ಕಡೆಗೆ ತಿರುಗಿದ್ದು ಹೇಗೆ? ಕದಳಿಯೆಂದರೆ ಕಾಡಲ್ಲ, ಕಾಯವೇ ಕದಳಿ ಎಂದು ಅನುಭಾವಾರ್ಥ ಹೇಳಿ ಪರಿಹರಿಸಿಕೊಳ್ಳುವುದುಂಟು. ಆ ಅರ್ಥ ಸಾಧುವಾದರೂ ಅದರಿಂದ ಅಕ್ಕನ ನಡಿಗೆ ಅಳಿಸಿಹೋಗುವುದಿಲ್ಲ.

ಈ ತೊಡಕಿಗೆ ತಕ್ಕ ಉತ್ತರ ಸಿದ್ಧರಾಮನ ಚರಿತ್ರೆಯಲ್ಲಿ ದೊರೆಯುತ್ತದೆ. ರಾಘವಾಂಕನು ಸಿದ್ಧರಾಮ ಚಾರಿತ್ರದಲ್ಲಿ ವಿಸ್ತರಿಸಿರುವ ಪ್ರಸಂಗ ಸಾಹಿತ್ಯ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಹೊಲ ಕಾಯುತ್ತಿದ್ದ ಸೊನ್ನಲಿಗೆಯ ಬಾಲಕನು ತನ್ನ ಎದುರು ಬಂದು ಮರೆಯಾದ ಮಲ್ಲಯ್ಯನನ್ನು ಅರಸುತ್ತ ಪರ್ವತದ ಯಾತ್ರಿಕರ ಜೊತೆ ಹೊರಡುತ್ತಾನೆ. ಗುಡಿಯೊಳಗಿನ ಲಿಂಗವನ್ನು ತೋರಿದರೆ, ಇವನು ತನ್ನ ಮಲ್ಲಯ್ಯನಲ್ಲವೆಂದು ಹಲುಬುತ್ತ ಅಡವಿಯಲ್ಲಿ ಅಲೆದು, ಕಡೆಗೆ ಕಮರಿಗೆ ಹಾರಲು ಮುಂದಾದಾಗ ಮಲ್ಲಿಕಾರ್ಜುನನು ಕೈಹಿಡಿಯುತ್ತಾನೆ. ಮುಂದಿನ ಸಂಗತಿ ಮುಖ್ಯವಾದುದು. ದೇವರು ಅವನನ್ನು ಪರ್ವತದಲ್ಲಿ ಉಳಿಸಿಕೊಳ್ಳುವುದಿಲ್ಲ, ಊರಿಗೆ ಹಿಂದಿರುಗಿಸುತ್ತಾನೆ. ಹಿಂದಿರುಗಿದ ಸಿದ್ಧರಾಮನು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸುತ್ತಾನೆ, ದಾಸೋಹವನ್ನು ನಡೆಸುತ್ತಾನೆ, ಊರನ್ನೇ ಎರಡನೆಯ ಶ್ರೀಶೈಲವಾಗಿಸುತ್ತಾನೆ. ನೀರಿಲ್ಲದ ದಾರಿಯನ್ನು ನಡೆದವನಿಗೆ ಕೆರೆಯ ಬೆಲೆ ತಿಳಿದಿತ್ತೆಂದು ಹೇಳಿದರೆ ಕಾವ್ಯಕ್ಕೆ ಅಪಚಾರವಾಗದು. ಕಮರಿಗೆ ಹಾರುವ ಭಕ್ತಿಯಿಂದ ಕೆರೆ ಕಟ್ಟುವ ಭಕ್ತಿಗೆ ತಿರುಗುವುದೇ ಈ ಯಾತ್ರೆಯ ಫಲವೆಂದು ಆ ಕಥೆ ಸೂಚಿಸುತ್ತದೆ.

ಆದರೆ ಆ ತಿರುವು ಎಲ್ಲರಿಗೂ ಒದಗಲಿಲ್ಲ. ಶ್ರೀಶೈಲದ ವೀರಶಿರೋಮಂಟಪವನ್ನು ರೆಡ್ಡಿ ಅರಸ ಅನವೇಮನು 1377ರಲ್ಲಿ ಕಟ್ಟಿಸಿದನು. ವೀರವ್ರತಿಗಳು ತಮ್ಮ ಅಂಗಗಳನ್ನೂ ಶಿರಸ್ಸನ್ನೂ ದೇವರಿಗೆ ಒಪ್ಪಿಸುತ್ತಿದ್ದ ಸ್ಥಳವದು. ಇತಿಹಾಸವೆಂದು ಅದನ್ನು ಮರೆಮಾಚಬೇಕಿಲ್ಲ, ಭಕ್ತಿಯ ಪರಾಕಾಷ್ಠೆಯೆಂದು ಹೊಗಳಬೇಕಾದುದೂ ಇಲ್ಲ. ಅದೇ ವಂಶದ ಪ್ರೋಲಯ ವೇಮನು 14ನೆಯ ಶತಮಾನದ ಪೂರ್ವಾರ್ಧದಲ್ಲಿ ಶ್ರೀಶೈಲಕ್ಕೂ ಅಹೋಬಲಕ್ಕೂ ಸೋಪಾನಗಳನ್ನು ಕಟ್ಟಿಸಿದ್ದು ಇದಕ್ಕಿಂತ ಎಷ್ಟೋ ದೊಡ್ಡ ಸೇವೆ. ಆ ಮೆಟ್ಟಿಲುಗಳನ್ನು ತುಳಿದವರಲ್ಲಿ ಹೆಚ್ಚಿನವರಿಗೆ ಅರಸನ ಹೆಸರು ಗೊತ್ತಿರಲಾರದು.

ವಿಜಯನಗರದ ಕಾಲದಲ್ಲಿ ಈ ಕಾರ್ಯ ಮುಂದುವರಿಯಿತು. ಇಮ್ಮಡಿ ಹರಿಹರನ ರಾಣಿ ವಿಠಲಾಂಬೆಯು 1393ರಲ್ಲಿ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ಮಾಡಿಸಿದಳು. ಶಿಖರದ ಮೇಲೆ ನಿಂತವನಿಗೆ ಕೃಷ್ಣೆಯು ಪಾತಾಳದಲ್ಲಿ ಹರಿಯುವಂತೆ ತೋರುವುದರಿಂದಲೇ ಆ ಹೆಸರು. ಕೃಷ್ಣದೇವರಾಯನು 16ನೆಯ ಶತಮಾನದ ಆರಂಭದಲ್ಲಿ ರಥಬೀದಿಯಲ್ಲಿ ಸಾಲುಮಂಟಪಗಳನ್ನು ಕಟ್ಟಿಸಿದನು. ಅದೇ ಕಾಲದ ಶಾಸನಗಳಲ್ಲಿ ಕಾಣಬರುವ ಭಿಕ್ಷಾವೃತ್ತಿ ಪರಂಪರೆಯ ಅಯ್ಯಗಳು ಕ್ಷೇತ್ರದ ಆಡಳಿತದಲ್ಲಿ ಪಾತ್ರ ವಹಿಸಿದ್ದರು. ಶಿವಾಜಿ ಮಹಾರಾಜರು 1677ರಲ್ಲಿ ಇಲ್ಲಿಗೆ ಬಂದರು. ಬಡಗಣ ಗೋಪುರವು ಅವರ ಹೆಸರಿನೊಂದಿಗೆ ಸೇರಿದೆ. 1794ರಲ್ಲಿ ಬಂದ ಕಾಲಿನ್ ಮೆಕೆಂಜಿಯು ತಾನು ಕಂಡುದನ್ನು ಬರೆದನು. 1798ರಲ್ಲಿ ಅಚ್ಚಾದ ಆ ಬರಹದ ತಲೆಬರಹದಲ್ಲಿಯೂ ಕ್ಷೇತ್ರವು ಶ್ರೀಶೈಲವೆಂದಲ್ಲ, ಜನರ ಬಾಯಿಯ ಪರ್ವತವೆಂದೇ ಕಾಣಿಸಿಕೊಂಡಿದೆ.

ರಾಣಿಯ ಮೆಟ್ಟಿಲು, ಅರಸನ ಸೋಪಾನಗಳಿಗೆ ಶಾಸನಗಳಿವೆ. ದಾರಿಯುದ್ದದ ಹಳ್ಳಿಗಳಲ್ಲಿ ಯಾತ್ರಿಕನಿಗೆ ಮಜ್ಜಿಗೆ ಕೊಟ್ಟವರಿಗೆ, ಕಾಲಿನ ಬೊಕ್ಕೆಗೆ ಎಣ್ಣೆ ಹಚ್ಚಿದವರಿಗೆ ಶಾಸನಗಳಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿಗಳನ್ನು ಕಟ್ಟಿಕೊಂಡು ಹೊರಟವನ ಬುತ್ತಿ ಹತ್ತು ಹನ್ನೆರಡು ದಿನದ ನಡಿಗೆಗೆ ಸಾಲುತ್ತಿರಲಿಲ್ಲ. ಮಲ್ಲಯ್ಯನ ಕಂಬಿಯನ್ನು ಹೊತ್ತವನು ಒಂದು ಊರನ್ನು ಹೊಕ್ಕರೆ ಅವನು ಆ ಊರಿನ ಅತಿಥಿ. ಅವನ ಕುಲ, ಊರುಗಳನ್ನು ಕೇಳುವುದಕ್ಕೆ ಮುಂಚೆ ಅವನ ಕಾಲಿಗೆ ನೀರು ಎರೆಯುವುದು ಆಚಾರ. ಭ್ರಮರಾಂಬೆಯನ್ನು ಕನ್ನಡಿಗರು ತಮ್ಮ ಮನೆಮಗಳೆಂದು ಭಾವಿಸಿ ಸೀರೆ ಕುಪ್ಪಸ ಒಯ್ಯುವ ಪದ್ಧತಿಯೂ ಇದರ ಮುಂದುವರಿಕೆ. ಮಗಳ ಮನೆಗೆ ಹೋಗುವವರ ನಡಿಗೆಯಲ್ಲಿ ದಣಿವಿದ್ದರೂ ಅಂಜಿಕೆ ಇರುವುದಿಲ್ಲ.

ಈ ದಾರಿಯ ಸ್ವರೂಪ ಬದಲಾದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ರೈಲುದಾರಿಗಳು ಅದಕ್ಕೂ ಮೊದಲೇ ಬಂದಿದ್ದವು. ಗದಗು, ಗುಂತಕಲ್ಲುಗಳ ಮೂಲಕ ನಂದ್ಯಾಲ, ಮಾರ್ಕಾಪುರಗಳವರೆಗೆ ಹೋಗಬಹುದಾಗಿತ್ತು. ಆದರೆ ರೈಲು ಅಡವಿಯನ್ನು ಏರುವಂತಿರಲಿಲ್ಲ. ಘಟ್ಟದ ಮೋಟಾರು ರಸ್ತೆ ಆದ ಮೇಲೆ ದೋರ್ನಾಲದಿಂದ ಸುಮಾರು ಐವತ್ತು ಕಿಲೋಮೀಟರ್ ವಾಹನದಲ್ಲಿಯೇ ಏರಿ ಗುಡಿಯ ಬೀದಿಯವರೆಗೆ ತಲುಪುವಂತಾಯಿತು. ಕೃಷ್ಣೆಗೆ ಅಡ್ಡವಾಗಿ ಕಟ್ಟಿದ ಅಣೆಕಟ್ಟಿಗೆ 1963ರಲ್ಲಿ ಅಡಿಗಲ್ಲು ಬಿದ್ದಿತು. 512 ಮೀಟರ್ ಉದ್ದ, 145 ಮೀಟರ್ ಎತ್ತರದ ಈ ಕಟ್ಟೆಯ ನಿರ್ಮಾಣದೊಂದಿಗೆ ಹೈದರಾಬಾದಿನ ಕಡೆಯ ದಾರಿಯೂ ಸುಗಮವಾಯಿತು.

ಅಣೆಕಟ್ಟಿನ ಹಿನ್ನೀರು ಪಡೆದುಕೊಂಡುದೂ ಕಡಿಮೆಯಲ್ಲ. 1981ರ ಸುಮಾರಿಗೆ ಕರ್ನೂಲು, ಮಹಬೂಬನಗರ ಜಿಲ್ಲೆಗಳ ಅನೇಕ ಹಳ್ಳಿಗಳನ್ನು ತೆರವು ಮಾಡಿಸಲಾಯಿತು. ಹಳೆಯ ಯಾತ್ರಿಕರಿಗೆ ನೀರು ಕೊಟ್ಟಿದ್ದ ಮನೆಗಳು ಅವುಗಳಲ್ಲಿಯೂ ಇದ್ದಿರಬೇಕು. ಕೃಷ್ಣಾ ತುಂಗಭದ್ರಾ ಸಂಗಮದ ಕೂಡವೆಲ್ಲಿಯಲ್ಲಿದ್ದ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ನಿಲ್ಲಿಸಲಾಯಿತು. ಶರಣ ಸಾಹಿತ್ಯದ ಓದುಗರಿಗೆ ಇದು ಇನ್ನೊಂದು ಸಂಗಮವನ್ನು ನೆನಪಿಗೆ ತರದೆ ಇರದು. ರೋಣ ಸೀಮೆಯ ಹೊಳೆಆಲೂರನ್ನು ಬಳಸಿ ಹರಿಯುವ ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಕೂಡಲಸಂಗಮದಲ್ಲಿಯೂ ಜಲಾಶಯದ ಹಿನ್ನೀರು ಬಂದಿತು. ಅಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಸ್ಥಳಾಂತರಿಸದೆ ಸುತ್ತಲೂ ಗೋಡೆಯೆತ್ತಿ ಇದ್ದಲ್ಲಿಯೇ ಕಾಪಾಡಲಾಗಿದೆ. ಒಂದೇ ನದಿಯ ಮೇಲಿನ ಎರಡು ಸಂಗಮಗಳಲ್ಲಿ ಒಂದರ ದೇವರು ನಡೆದನು, ಇನ್ನೊಂದರಲ್ಲಿ ನೀರಿನ ನಡುವೆಯೇ ನೆಲೆ ಉಳಿಯಿತು.

ಇಂದು ಸವಡಿಯಿಂದಾಗಲಿ ರೋಣದಿಂದಾಗಲಿ ನಸುಕಿನಲ್ಲಿ ಕಾರಿನಲ್ಲಿ ಹೊರಟ ಕುಟುಂಬವು ರಾಯಚೂರು ಅಥವಾ ಬಳ್ಳಾರಿಯ ಕಡೆಯಿಂದ ಕರ್ನೂಲನ್ನು ಮುಟ್ಟಿ, ಅಲ್ಲಿಂದ ಸುಮಾರು 180 ಕಿಲೋಮೀಟರ್ ಸಾಗಿ ಅದೇ ದಿನ ಪರ್ವತವನ್ನು ಸೇರಬಹುದು. ಮಂತ್ರಾಲಯ, ಮಹಾನಂದಿ, ಅಹೋಬಲಗಳನ್ನೂ ಸೇರಿಸಿಕೊಂಡು ಮೂರು ನಾಲ್ಕು ದಿನದಲ್ಲಿ ಮನೆಗೆ ಮರಳುವವರು ಅನೇಕರು. ದರ್ಶನದ ಜೊತೆಗೆ ಅಣೆಕಟ್ಟಿನ ನೋಟ, ತೂಗುತೊಟ್ಟಿಲಿನ ಪಯಣ, ಪಾತಾಳಗಂಗೆಯಿಂದ ಅಕ್ಕಮಹಾದೇವಿಯ ಗವಿಗೆ ದೋಣಿವಿಹಾರ. ಬೇಸಗೆಯ ಧಗೆಗೆ ಅಂಜಿದ ಆಂಗ್ಲರು ಕಟ್ಟಿಕೊಂಡ ಗಿರಿಧಾಮಗಳ ವಿಹಾರವೂ ಬೇಸಗೆಯಲ್ಲಿಯೇ ಬೆಟ್ಟವನ್ನು ಅರಸಿ ಹೋದ ಕನ್ನಡಿಗರ ಯಾತ್ರೆಯೂ ಈ ಒಂದು ಪ್ರವಾಸದಲ್ಲಿ ಬೆರೆತುಹೋಗಿವೆ.

ಇದನ್ನು ಕೇವಲ ಭೋಗವೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ನಡೆಯಲಾರದ ವೃದ್ಧರು, ಬಾಣಂತಿಯರು, ಅಂಗವಿಕಲರು ಹಿಂದೆ ಪರ್ವತವನ್ನು ಹೆಸರಿನಲ್ಲಿ ಮಾತ್ರ ಕಂಡವರು. ಪರ್ವತವ್ವನೆಂಬ ಹೆಸರು ಹೊತ್ತು ಎಪ್ಪತ್ತು ವರ್ಷ ಬಾಳಿದವಳು ಮೊಮ್ಮಗನ ಕಾರಿನಲ್ಲಿ ಕುಳಿತು ಮೊದಲ ಸಲ ಪರ್ವತವನ್ನು ಕಂಡರೆ, ಆ ವಾಹನವನ್ನು ನಿಂದಿಸುವ ಅಧಿಕಾರ ಯಾವ ಪಂಡಿತನಿಗೂ ಇಲ್ಲ. ಯೋಚಿಸಬೇಕಾದ ಸಂಗತಿ ಬೇರೆ. ಮುಚ್ಚಿದ ಕಿಟಕಿಯ ಕಾರಿಗೆ ದಾರಿಯ ಊರುಗಳು ಬೇಕಾಗುವುದಿಲ್ಲ. ಅದಕ್ಕೆ ಕೆರೆ ಬೇಡ, ಮಂಟಪ ಬೇಡ, ಮಜ್ಜಿಗೆ ಕೊಡುವ ತಾಯಿಯೂ ಬೇಡ. ಹೊರಟ ಸ್ಥಳ, ತಲುಪಿದ ಸ್ಥಳಗಳ ನಡುವೆ ಇರುವ ಜನರ ಋಣ ಅದರ ಪ್ರಯಾಣಿಕನಿಗೆ ತಗಲುವುದಿಲ್ಲ. ಜಂಗಮವೆಂದರೆ ಚಲಿಸುವುದು ಎಂಬಷ್ಟೇ ಅರ್ಥವಾಗಿದ್ದರೆ ಕಾರಿಗಿಂತ ಮಿಗಿಲಾದ ಜಂಗಮವಿರುತ್ತಿರಲಿಲ್ಲ!

ಆದರೂ ಕಾಲುದಾರಿ ಅಳಿದಿಲ್ಲ. 1983ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಅಡವಿಯಲ್ಲಿ ರಾತ್ರಿಯ ವೇಳೆ ಘಟ್ಟದ ರಸ್ತೆಯಲ್ಲಿ ವಾಹನಗಳನ್ನು ಬಿಡುವುದಿಲ್ಲ. ನಾಗಲೂಟಿಯ ಹಳೆಯ ದಾರಿಯನ್ನಾದರೋ ಶಿವರಾತ್ರಿ, ಯುಗಾದಿಗಳ ಸಮಯದಲ್ಲಿ ನಡೆದು ಬರುವವರಿಗೆ ತೆರೆಯಲಾಗುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗು, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಇಂದಿಗೂ ಸಾವಿರ ಸಾವಿರ ಜನ ನಡೆದೇ ಬರುತ್ತಾರೆ. ಅವರಲ್ಲಿ ಸ್ವಂತ ಕಾರು ಉಳ್ಳವರೂ ಇದ್ದಾರೆ. ಫಾಲ್ಗುಣದ ಕೊನೆಯ ವಾರಗಳಲ್ಲಿ ರಸ್ತೆಯ ಬದಿಯಲ್ಲಿ ಉತ್ತರ ಕರ್ನಾಟಕದ ಊರುಗಳಿಂದ ಬಂದ ವಾಹನಗಳು ನಿಂತಿರುತ್ತವೆ. ಅವುಗಳಲ್ಲಿ ಮನೆಮನೆಗಳಿಂದ ಕೂಡಿಸಿದ ರೊಟ್ಟಿಯ ಚೀಲಗಳು, ನೀರಿನ ಪೀಪಾಯಿಗಳು, ಮಜ್ಜಿಗೆ, ಕಾಲಿನ ಬೊಕ್ಕೆಗೆ ಔಷಧ. ಮರದ ನೆರಳಿನಲ್ಲಿ ಒಲೆ ಹೂಡಿ, ಯಾರೆಂದು ಕೇಳದೆ ಬಂದವರಿಗೆಲ್ಲ ಬಡಿಸುತ್ತಾರೆ. ಯುಗಾದಿಯ ಹಿಂದಿನ ದಿನ ಕೊನೆಯ ತಂಡವು ಮುಂದೆ ಸಾಗಿದ ಮೇಲೆ, ಪಾತ್ರೆಗಳನ್ನು ತೊಳೆದು ವಾಹನಕ್ಕೆ ಏರಿಸಿ, ಅವರೂ ಪರ್ವತದ ಕಡೆಗೆ ತಿರುಗುತ್ತಾರೆ.