ಒಂದು ಹಡಗು ಕಾರ್ಖಾನೆಯ ಕಥೆ

1914ನೆಯ ಇಸವಿ ಸೆಪ್ಟೆಂಬರ್ 22ನೆಯ ತಾರೀಖಿನ ರಾತ್ರಿ ಎಮ್ಡೆನ್ ಎಂಬ ಜರ್ಮನ್ ಯುದ್ಧನೌಕೆಯು ಮದರಾಸಿನ ಕಡಲತೀರಕ್ಕೆ ಬಂದು, ಬಂದರಿನ ಎಣ್ಣೆಯ ತೊಟ್ಟಿಗಳ ಮೇಲೆ ಗುಂಡು ಹಾರಿಸಿ, ಅವು ಹೊತ್ತಿ ಉರಿಯುತ್ತಿರುವಂತೆಯೇ ಕತ್ತಲೆಯಲ್ಲಿ ಮರೆಯಾಯಿತು. ಜರ್ಮನಿಯ ನೌಕಾಬಲವೆಂದರೆ ನಮ್ಮ ನೆನಪಿಗೆ ಮೊದಲು ಬರುವುದು ಈ ಘಟನೆಯೇ. ಆದರೆ ಹಡಗನ್ನು ಕಂಡವರೆಲ್ಲ ಅದನ್ನು ಕಟ್ಟಿದ ಸ್ಥಳವನ್ನು ಕುರಿತು ಯೋಚಿಸುವುದಿಲ್ಲ. ಆ ಕಾಲದ ಜರ್ಮನ್ ಚಕ್ರಾಧಿಪತ್ಯಕ್ಕೆ ಸರ್ಕಾರದ ಸ್ವಂತ ಹಡಗು ಕಾರ್ಖಾನೆಗಳು ಮೂರಿದ್ದವು: ಡಾಂಟ್ಸಿಗ್, ಕೀಲ್ ಮತ್ತು ವಿಲ್‌ಹೆಲ್ಮ್ಸ್‌ಹಾಫನ್. ಮದರಾಸಿಗೆ ಬಂದ ಎಮ್ಡೆನ್ ಡಾಂಟ್ಸಿಗ್ಗಿನದು. ಮುಂದೆ ಅದೇ ಹೆಸರನ್ನು ಹೊತ್ತ ಮತ್ತೊಂದು ಹಡಗು ವಿಲ್‌ಹೆಲ್ಮ್ಸ್‌ಹಾಫನ್ನಿನದು. ಈ ಮೂರನೆಯ ಕಾರ್ಖಾನೆಯ ಚರಿತ್ರೆಯನ್ನು ನಾವು ಈಗ ಪರಿಶೀಲಿಸೋಣ.

ಊರು ಮೊದಲಿದ್ದು ಅಲ್ಲಿಗೆ ಕಾರ್ಖಾನೆ ಬರುವುದು ಲೋಕರೂಢಿ. ಇಲ್ಲಿ ನಡೆದದ್ದು ಅದಕ್ಕೆ ವಿಪರೀತ. ಕಾರ್ಖಾನೆಗಾಗಿಯೇ ಊರು ಹುಟ್ಟಿತು. ಒಂದು ಊರಿನ ಅನ್ನವು ಯುದ್ಧದ ಸಿದ್ಧತೆಯೊಂದಕ್ಕೇ ಕಟ್ಟುಬಿದ್ದರೆ ಆ ಊರಿನ ಗತಿ ಏನಾಗುವುದೆಂಬುದನ್ನು ಈ ಚರಿತ್ರೆಯು ತಿಳಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಪ್ರಷ್ಯ ರಾಜ್ಯಕ್ಕೆ ಬಾಲ್ಟಿಕ್ ಸಮುದ್ರದ ಕರಾವಳಿಯಿತ್ತು. ಉತ್ತರ ಸಮುದ್ರದಲ್ಲಿ ಒಂದು ಮೊಳ ದಡವೂ ಇರಲಿಲ್ಲ. 1848ರಲ್ಲಿ ಮೊದಲಾದ ಯುದ್ಧದಲ್ಲಿ ಡೆನ್ಮಾರ್ಕಿನಂಥ ಸಣ್ಣ ರಾಜ್ಯವು ತನ್ನ ನೌಕೆಗಳಿಂದ ಜರ್ಮನ್ ಬಂದರುಗಳಿಗೆ ದಿಗ್ಬಂಧನ ಹಾಕಿದಾಗ ಈ ಕೊರತೆಯು ಎಲ್ಲರಿಗೂ ಮನದಟ್ಟಾಯಿತು. ಪ್ರಷ್ಯದ ರಾಜಕುಮಾರ ಆಡಾಲ್ಬರ್ಟನು ನೌಕಾಬಲದ ಪ್ರಬಲ ಪಕ್ಷಪಾತಿ. ಕೊನೆಗೆ 1853ನೆಯ ಜುಲೈ ತಿಂಗಳಲ್ಲಿ ಪ್ರಷ್ಯವು ಓಲ್ಡನ್‌ಬರ್ಗ್ ಸಂಸ್ಥಾನದೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು, ಯಾಡೆ ಕೊಲ್ಲಿಯ ದಡದಲ್ಲಿ ಒಂದು ತುಂಡು ಭೂಮಿಯನ್ನು 5 ಲಕ್ಷ ತಾಲರ್ ನಾಣ್ಯಗಳಿಗೆ ಕೊಂಡಿತು.

ಕೊಂಡದ್ದಾದರೂ ಏನು? ಕೆಸರು, ಜೌಗು, ಬಿರುಗಾಳಿ! ಆದರೆ ಆ ಕೊಲ್ಲಿಗೆ ಒಂದು ವಿಶೇಷ ಗುಣವುಂಟು. ಅದರ ಬಾಯಿ ಕಿರಿದು, ಒಡಲು ಹಿರಿದು. ಭರತದಲ್ಲಿ ಒಳನುಗ್ಗಿದ ನೀರು ಇಳಿತದಲ್ಲಿ ಆ ಕಿರಿದಾದ ಬಾಯಿಂದ ರಭಸವಾಗಿ ಹೊರಟು ಹಡಗಿನ ದಾರಿಯ ಹೂಳನ್ನು ತಾನೇ ಬಹುಮಟ್ಟಿಗೆ ತೊಳೆದೊಯ್ಯುತ್ತದೆ. ಆ ತೀರದ ರೈತರು ತಲೆತಲಾಂತರದಿಂದ ಒಡ್ಡು ಕಟ್ಟಿ ಸಮುದ್ರದಿಂದ ಹೊಲವನ್ನು ಗೆದ್ದುಕೊಳ್ಳುತ್ತ ಬಂದವರು. ಇಲ್ಲಿ ಹಾಗೆ ಮಾಡಿದರೆ ಕೊಲ್ಲಿ ಕಿರಿದಾಗಿ ನೀರಿನ ರಭಸ ತಗ್ಗೀತೆಂದು 1883ರಲ್ಲಿ ಸರ್ಕಾರವು ಕಾನೂನು ಮಾಡಿ ಅದನ್ನು ತಡೆಯಿತು. ನೇಗಿಲಿಗೆ ಸಲ್ಲಬಹುದಾಗಿದ್ದ ನೆಲ ಯುದ್ಧನೌಕೆಯ ದಾರಿಗಾಗಿ ನೀರಾಗಿಯೇ ಉಳಿಯಿತು.

ಕಟ್ಟುವ ಕೆಲಸವು ಹತ್ತು ವರ್ಷಗಳಿಗೂ ಮಿಕ್ಕಿ ಹಿಡಿಯಿತು. ಭರತಕ್ಕೂ ಇಳಿತಕ್ಕೂ ಅಲ್ಲಿ ಸುಮಾರು 12 ಅಡಿಗಳ ಅಂತರ. ಆದುದರಿಂದ ದೊಡ್ಡ ಬಾಗಿಲುಗಳನ್ನಿಟ್ಟು ಒಳಗಿನ ನೀರನ್ನು ಒಂದೇ ಮಟ್ಟದಲ್ಲಿ ಹಿಡಿದು ನಿಲ್ಲಿಸಬೇಕಾಗಿತ್ತು. ಹಡಗನ್ನು ಒಳತಂದು, ನೀರನ್ನು ಹೊರಹಾಕಿ, ತಳವನ್ನು ದುರಸ್ತಿಮಾಡುವ ಡಾಕುಗಳನ್ನು ಕೆಸರಿನಲ್ಲಿ ಅಗೆದು ಕಟ್ಟಬೇಕಾಗಿತ್ತು. ಇವೆಲ್ಲದರ ನಡುವೆ ಕೂಲಿಗಾರರನ್ನು ಹಣ್ಣುಮಾಡಿದ ಶತ್ರುವೊಂದಿತ್ತು, ಅದು ಮಲೇರಿಯ. ನಮ್ಮ ಮಲೆನಾಡಿನವರನ್ನು ಬಹುಕಾಲ ಕಾಡಿದ ಆ ಚಳಿಜ್ವರವು ಉತ್ತರ ಜರ್ಮನಿಯ ಜೌಗಿನಲ್ಲಿಯೂ ಇತ್ತೆಂದರೆ ಇಂದಿನವರಿಗೆ ಆಶ್ಚರ್ಯವಾದೀತು. ಸಾವಿರಾರು ಮಂದಿ ಅದರಿಂದ ಹಾಸಿಗೆ ಹಿಡಿದರು. 1869ನೆಯ ಜೂನ್ 17ರಂದು ರಾಜ ವಿಲ್‌ಹೆಲ್ಮನು ಬಂದು ಬಂದರಿಗೆ ತನ್ನ ಹೆಸರನ್ನೇ ಇಟ್ಟನು. ಎರಡು ವರ್ಷಗಳ ತರುವಾಯ ಆತನು ಚಕ್ರವರ್ತಿಯಾದಾಗ ಕಾರ್ಖಾನೆಯೂ ಚಕ್ರವರ್ತಿಯ ಕಾರ್ಖಾನೆಯಾಯಿತು.

ಇಲ್ಲಿ ಕಟ್ಟಿದ ಮೊದಲ ದೊಡ್ಡ ನೌಕೆ ಗ್ರೋಸರ್ ಕುರ್‌ಫ್ಯೂರ್ಸ್ಟ್. ಅದು ನೀರಿಗಿಳಿದದ್ದು 1875ರಲ್ಲಿ. 1878ನೆಯ ಮೇ 31ರಂದು ಇಂಗ್ಲೆಂಡಿನ ಫೋಕ್‌ಸ್ಟನ್ ಬಳಿ ತನ್ನದೇ ಪಂಗಡದ ಮತ್ತೊಂದು ಹಡಗು ಬಡಿದು ಅದು ಮುಳುಗಿತು. 250ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಅಪಶಕುನವನ್ನು ನಾವು ನಂಬುವುದಿಲ್ಲ. ಆದರೂ ಆರಂಭವು ಶುಭವಾಗಿರಲಿಲ್ಲವೆಂದು ಹೇಳಲೇಬೇಕು.

1898 ಮತ್ತು 1900ರಲ್ಲಿ ಟಿರ್ಪಿಟ್ಸನು ತಂದ ನೌಕಾ ಶಾಸನಗಳಿಂದ ಕಾರ್ಖಾನೆಗೆ ಸುಗ್ಗಿಕಾಲ ಬಂದಿತು. 1906ರಲ್ಲಿ ಇಂಗ್ಲೆಂಡು ಡ್ರೆಡ್‌ನಾಟ್ ಎಂಬ ಹೊಸ ಬಗೆಯ ನೌಕೆಯನ್ನು ಕಟ್ಟಿದೊಡನೆ, ಅದಕ್ಕೆ ಜರ್ಮನಿಯ ಮೊದಲ ಉತ್ತರವು ಇಲ್ಲಿಂದಲೇ ಹೊರಟಿತು. ನಾಸೌ ಎಂಬ ಆ ಹಡಗು 1908ರಲ್ಲಿ ನೀರಿಗಿಳಿಯಿತು. ಅದರ ತೂಕ ಸುಮಾರು 18,900 ಟನ್. ದೊಡ್ಡ ಫಿರಂಗಿಗಳು ಹನ್ನೆರಡು. ಕೆಲಸಗಾರರ ಸಂಖ್ಯೆ ಏರುತ್ತ ಹೋಯಿತು. ಪ್ರಷ್ಯದ ಗಡಿಯೊಳಗೆ ಅವರಿಗೆ ಸಾಕಷ್ಟು ಸ್ಥಳವಿಲ್ಲದೆ, ಅವರಲ್ಲಿ ಬಹುಮಂದಿ ಓಲ್ಡನ್‌ಬರ್ಗಿಗೆ ಸೇರಿದ ನೆರೆಹಳ್ಳಿಗಳಲ್ಲಿ ಬಿಡಾರ ಮಾಡಿದರು. ಕೂಲಿ ಒಂದು ಸರ್ಕಾರದ್ದು, ಮನೆ ಮತ್ತೊಂದು ಸರ್ಕಾರದ್ದು!

ಇಷ್ಟು ಶ್ರಮದಿಂದ ಕಟ್ಟಿದ ನೌಕಾಬಲವು ಮೊದಲನೆಯ ಮಹಾಯುದ್ಧದಲ್ಲಿ ಬಹುಕಾಲ ಬಂದರಿನಲ್ಲಿಯೇ ಕುಳಿತಿತು. ನಾವಿಕರ ಅತೃಪ್ತಿ ಬೆಳೆಯಿತು. 1917ರಲ್ಲಿ ಅವರು ವಿರೋಧ ತೋರಿದಾಗ ರೈಷ್‌ಪೀಚ್ ಮತ್ತು ಕ್ಯೋಬಿಸ್ ಎಂಬಿಬ್ಬರಿಗೆ ಮರಣದಂಡನೆಯಾಯಿತು. 1918ನೆಯ ಅಕ್ಟೋಬರ್ ಕೊನೆಯಲ್ಲಿ, ಯುದ್ಧವು ಸೋತಂತೆಯೇ ಆಗಿದ್ದಾಗ, ಅಧಿಕಾರಿಗಳು ಇಂಗ್ಲೆಂಡಿನ ಮೇಲೆ ಕಡೆಯದೊಂದು ಕಾಳಗಕ್ಕೆ ಸಿದ್ಧತೆ ಮಾಡಿದರು. ವಿಲ್‌ಹೆಲ್ಮ್ಸ್‌ಹಾಫನ್ನಿನ ಹೊರಗಣ ನೀರಿನಲ್ಲಿ ಲಂಗರು ಹಾಕಿದ್ದ ಹಡಗುಗಳಲ್ಲಿ ನಾವಿಕರು ಹೊರಡಲು ಒಪ್ಪಲಿಲ್ಲ. ಆ ಕಿಡಿ ಕೀಲಿಗೆ ಹಬ್ಬಿ, ಅಲ್ಲಿಂದ ದೇಶವನ್ನೆಲ್ಲ ವ್ಯಾಪಿಸಿತು. ನವೆಂಬರ್ 9ರಂದು ಚಕ್ರವರ್ತಿಯು ಪದಚ್ಯುತನಾದನು. ತಾತನ ಹೆಸರಿನ ಬಂದರಿನೆದುರಿನಲ್ಲೇ ಮೊಮ್ಮಗನ ಸಿಂಹಾಸನವು ಅಲುಗಿತು.

ತರುವಾಯ ಬಂದದ್ದು ಬಡತನದ ಕಾಲ. ಸಂಧಿಯ ಕರಾರಿನಂತೆ ಜರ್ಮನಿಗೆ ಸಣ್ಣದೊಂದು ನೌಕಾಪಡೆ ಮಾತ್ರ ಉಳಿಯಿತು. 1925ರಲ್ಲಿ ಹೊಸ ಎಮ್ಡೆನ್ ನೀರಿಗಿಳಿದರೂ ಅಷ್ಟರಿಂದ ಊರಿನ ಹೊಟ್ಟೆ ತುಂಬಲಿಲ್ಲ. 1933ರಿಂದೀಚೆಗೆ ನಾತ್ಸಿ ಸರ್ಕಾರವು ಕೆಲಸವನ್ನು ಹೇರಳವಾಗಿ ಕೊಟ್ಟಿತು. ಗ್ರಾಫ್ ಷ್ಪೇ, ಷಾರ್ನ್‌ಹೋರ್ಸ್ಟ್ ಒಂದಾದಮೇಲೊಂದು ಸಿದ್ಧವಾದವು. 1939ನೆಯ ಏಪ್ರಿಲ್ 1ರಂದು ಹಿಟ್ಲರನ ಸಮ್ಮುಖದಲ್ಲಿ ಟಿರ್ಪಿಟ್ಸ್ ಎಂಬ ಭಾರಿ ನೌಕೆಯು ನೀರಿಗಿಳಿಯಿತು. ಕೆಲಸವಿಲ್ಲದೆ ಕಂಗೆಟ್ಟಿದ್ದವರಿಗೆ ಅದು ಅನ್ನದ ದಿನದಂತೆ ಕಂಡಿದ್ದರೆ ಅವರನ್ನು ಜರೆಯುವುದು ಸುಲಭ. ಅವರ ಸ್ಥಾನದಲ್ಲಿ ನಿಂತು ನೋಡುವುದು ಕಷ್ಟ.

ಆ ಅನ್ನದ ಬೆಲೆ ಬೇಗನೆ ತಿಳಿಯಿತು. ಯುದ್ಧ ಘೋಷಣೆಯಾದ ಮರುದಿನವೇ, ಎಂದರೆ 1939ನೆಯ ಸೆಪ್ಟೆಂಬರ್ 4ರಂದು, ಬ್ರಿಟಿಷ್ ವಿಮಾನಗಳು ಈ ಬಂದರಿನ ಮೇಲೆರಗಿದವು. 1943ನೆಯ ಜನವರಿ 27ರಂದು ಅಮೆರಿಕದ ಬಾಂಬರ್ ವಿಮಾನಗಳು ಜರ್ಮನಿಯ ನೆಲದ ಮೇಲೆ ನಡೆಸಿದ ಮೊದಲ ದಾಳಿಗೂ ಇದೇ ಗುರಿ. ಊರಿನ ಮನೆಗಳಲ್ಲಿ ಅರ್ಧಕ್ಕೂ ಹೆಚ್ಚು ಹಾಳಾದವು. 1944ರಿಂದ ಸೆರೆಶಿಬಿರವೊಂದರ ಸಾವಿರಕ್ಕೂ ಮಿಕ್ಕ ಬಂದಿಗಳನ್ನು ಕಾರ್ಖಾನೆಯಲ್ಲಿ ದುಡಿಸಿದರು. ಅವರಲ್ಲಿ ನೂರಾರು ಮಂದಿ ಬದುಕಿ ಹಿಂದಿರುಗಲಿಲ್ಲ. ಕಟ್ಟಿದ ಹಡಗುಗಳ ಪಾಡಾದರೂ ಏನು? ಗ್ರಾಫ್ ಷ್ಪೇಯನ್ನು ಅದರ ನಾವಿಕರೇ 1939ರಲ್ಲಿ ಮೊಂಟೆವಿಡಿಯೊ ಬಳಿ ಮುಳುಗಿಸಿದರು. 1943ರಲ್ಲಿ ಷಾರ್ನ್‌ಹೋರ್ಸ್ಟ್ ಮುಳುಗಿದಾಗ ಸುಮಾರು ಎರಡು ಸಾವಿರ ಮಂದಿಯಲ್ಲಿ ಉಳಿದವರು 36. ಟಿರ್ಪಿಟ್ಸ್ 1944ರಲ್ಲಿ ನಾರ್ವೆಯಲ್ಲಿ ಮಗುಚಿಬಿತ್ತು.

1945ರ ಮೇ ತಿಂಗಳಲ್ಲಿ ಪೋಲೆಂಡಿನ ಸೈನ್ಯದಳವೊಂದು ಊರನ್ನು ವಶಪಡಿಸಿಕೊಂಡಿತು. ಅನಂತರ ಬ್ರಿಟಿಷರು ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿಸಿ, ಡಾಕುಗಳನ್ನು ಸಿಡಿಮದ್ದಿನಿಂದ ಒಡೆಸಿದರು. ಆಗ ಊರಿನ ಬಳಿಯ ರಾಫ್‌ಹೌಸನ್ನಿನಲ್ಲಿ ಒಲಿಂಪಿಯಾ ಎಂಬ ಟೈಪ್‌ರೈಟರ್ ಕಾರ್ಖಾನೆಯು ತಲೆಯೆತ್ತಿ ಸಾವಿರಾರು ಕುಟುಂಬಗಳಿಗೆ ಅನ್ನವಾಯಿತು. ಫಿರಂಗಿಯ ಊರಿನಿಂದ ಅಕ್ಷರದ ಯಂತ್ರಗಳು ಹೊರಟವು! ಗಣಕಯಂತ್ರದ ಕಾಲದಲ್ಲಿ, 1990ರ ದಶಕದ ಆದಿಯಲ್ಲಿ, ಅದೂ ಮುಚ್ಚಿತು. ಅಷ್ಟರಲ್ಲಿ ನೌಕಾಪಡೆಯು ಮತ್ತೆ ಬಂದಿತ್ತು. 1957ರಲ್ಲಿ ಹಳೆಯ ನೆಲದ ಮೇಲೆಯೇ ದುರಸ್ತಿಯ ಕಾರ್ಯಾಲಯವು ತೆರೆಯಿತು. ಇಂದು ಜರ್ಮನಿಯ ಅತ್ಯಂತ ದೊಡ್ಡ ನೌಕಾನೆಲೆ ಅದೇ. 2012ರಲ್ಲಿ ಸರಕು ಹಡಗುಗಳಿಗೂ ಆಳವಾದ ಬಂದರೊಂದು ಅದರ ನೆರೆಯಲ್ಲಿ ತೆರೆಯಿತು.

ರಾಜ್ಯಗಳು ಬಂದರು ಕಟ್ಟುವಾಗ ಕಲ್ಲಿನ ಲೆಕ್ಕ, ಕಬ್ಬಿಣದ ಲೆಕ್ಕ ಬರೆದಿಡುತ್ತವೆ. ಆ ಕಲ್ಲು ಕಬ್ಬಿಣಗಳ ನೆರಳಿನಲ್ಲಿ ಸಂಸಾರ ಹೂಡುವ ಜನರ ಲೆಕ್ಕವನ್ನು ಬರೆಯುವುದು ಚರಿತ್ರೆಯ ಪಾಲಿಗೆ ಬರುತ್ತದೆ. ಕೆಸರಿನಲ್ಲಿ ಕಟ್ಟೆ ನಿಲ್ಲಿಸಬಹುದೆಂಬುದನ್ನು ವಿಲ್‌ಹೆಲ್ಮ್ಸ್‌ಹಾಫನ್ನಿನ ಎಂಜಿನಿಯರುಗಳು ತೋರಿಸಿಕೊಟ್ಟರು. ಒಂದು ಊರಿನ ಬಾಳನ್ನು ಯುದ್ಧದ ಮೇಲೆ ನಿಲ್ಲಿಸಲಾಗದೆಂಬುದನ್ನು ಆ ಊರಿನವರು ಒಂದೇ ಶತಮಾನದಲ್ಲಿ ಎರಡು ಸಲ ತಾವೇ ಅನುಭವಿಸಿ ತಿಳಿದರು.