ಅಶ್ವಶಕ್ತಿಯ ಚರಿತ್ರೆಯಲ್ಲಿ ಬಿಟ್ಟುಹೋದ ಗೇರ್‌ಬಾಕ್ಸ್

ಟರ್ಬೊ ಹಾಕಿದ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಸ್ಪೋರ್ಟ್ಸ್ ಕೂಪೆಗಳ ಬಗ್ಗೆ ಈಗ ಯಾರು ಮಾತು ತೆಗೆದರೂ ಅಂಕಿಯಿಂದಲೇ ಶುರು: ಆರುನೂರು, ಎಂಟುನೂರು, ಸಾವಿರ ಅಶ್ವಶಕ್ತಿ. ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಹೊಸ ಮ್ಯಾಪ್ ತುಂಬಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಗೇರ್‌ಬಾಕ್ಸಿನ ವಿಷಯ ಎತ್ತಿದರೆ 'ಕೆಟ್ಟಾಗ ನೋಡಿಕೊಳ್ಳೋಣ' ಅನ್ನುತ್ತಾರೆ. ಮೊದಲು ಶಾರ್ಜಾದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಇದೇ ಕಸುಬು ಮಾಡಿಕೊಂಡು ಬಂದ ನನಗೆ ಹೀಗೆ ಹೇಳುವ ಚರಿತ್ರೆ ಅರ್ಧದಷ್ಟೇ ಅನ್ನಿಸುತ್ತದೆ. ಎಂಜಿನ್ ಎಷ್ಟು ಬಲ ಕೊಟ್ಟಿತು ಎಂಬುದನ್ನು ಎಲ್ಲರೂ ಬರೆದಿದ್ದಾರೆ. ಆ ಬಲವನ್ನು ಏನೂ ಮುರಿಯದಂತೆ ಚಕ್ರಕ್ಕೆ ಮುಟ್ಟಿಸಿದವರ ಕೆಲಸವನ್ನು ಬರೆದವರು ಕಡಿಮೆ.

ಹಳೆಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಸೈಲೆನ್ಸರಿನಲ್ಲಿ ಪೋಲಾಗುವ ಬಿಸಿ ಹೊಗೆಯಿಂದ ಟರ್ಬೈನ್ ತಿರುಗಿಸಿ, ಅದರ ಬಲದಿಂದಲೇ ಎಂಜಿನ್ನಿಗೆ ಗಾಳಿ ಒತ್ತುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪೇಟೆಂಟ್ ಪಡೆದರು. ಹಡಗು, ವಿಮಾನ, ಲಾರಿಗಳಲ್ಲಿ ದುಡಿದ ಟರ್ಬೊ 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬಿಲ್ ಮತ್ತು ಷೆವರ್ಲೆ ಕಾರುಗಳಿಗೆ ಬಂತು. 1973ರಲ್ಲಿ ಬಿಎಂಡಬ್ಲ್ಯು 2002 ಟರ್ಬೊ, 1975ರಲ್ಲಿ ಪೋರ್ಷೆ 911 ಟರ್ಬೊ ಬಂದವು. ಇನ್ನೊಂದು ಕಡೆ, ಇಂಗ್ಲೆಂಡಿನ ಜೆನ್ಸೆನ್ ಕಂಪನಿ ಫರ್ಗುಸನ್ ತಂತ್ರ ಬಳಸಿ 1966ರಲ್ಲೇ ನಾಲ್ಕು ಚಕ್ರ ಚಾಲನೆಯ ರಸ್ತೆ ಕಾರನ್ನು ಹೊರತಂದಿತ್ತು. ಈ ಎರಡು ಧಾರೆಗಳು ನಿಜವಾಗಿ ಕೂಡಿಕೊಂಡದ್ದು 1980ರ ಮಾರ್ಚ್‌ನಲ್ಲಿ, ಜಿನೀವಾ ಪ್ರದರ್ಶನಕ್ಕೆ ಆಡಿ ಕ್ವಾಟ್ರೊ ಬಂದಾಗ.

ಕ್ವಾಟ್ರೊದ ಐದು ಸಿಲಿಂಡರಿನ, 2144 ಸಿಸಿಯ, 200 ಅಶ್ವಶಕ್ತಿಯ ಟರ್ಬೊ ಎಂಜಿನ್ ಹೆಸರು ಮಾಡಿತು. ಆದರೆ ಆ ಕಾರನ್ನು ಸಾಧ್ಯವಾಗಿಸಿದ್ದು ಗೇರ್‌ಬಾಕ್ಸಿನೊಳಗಿನ ಒಂದು ಟೊಳ್ಳು ಶಾಫ್ಟ್. ಬಲ ಆ ಶಾಫ್ಟಿನ ಮೂಲಕ ಹಿಂದಕ್ಕೆ ಹರಿದು ನಡುವಿನ ಡಿಫರೆನ್ಷಿಯಲ್ಲಿಗೆ ಹೋಗುತ್ತದೆ. ಅಲ್ಲಿ ಒಂದು ಪಾಲು ಹಿಂದಿನ ಆಕ್ಸಲ್ಲಿಗೆ ಹೊರಡುತ್ತದೆ, ಇನ್ನೊಂದು ಪಾಲು ಅದೇ ಟೊಳ್ಳಿನೊಳಗೆ ಹಾದ ಮತ್ತೊಂದು ಶಾಫ್ಟಿನಿಂದ ಮುಂದಿನ ಚಕ್ರಗಳಿಗೆ ವಾಪಸು ಬರುತ್ತದೆ. ಹೀಗಾಗಿ ಜೀಪಿನಲ್ಲಿರುವಂಥ ಭಾರದ ಟ್ರಾನ್ಸ್‌ಫರ್ ಕೇಸೇ ಬೇಕಾಗಲಿಲ್ಲ. 1981ರಲ್ಲಿ ಸಾನ್ ರೆಮೊ ರ‍್ಯಾಲಿಯನ್ನು ಮಿಶೆಲ್ ಮೂಟಾನ್ ಗೆದ್ದಾಗ, 1983ರಲ್ಲಿ ಹನ್ನು ಮಿಕ್ಕೊಲ, ಮರುವರ್ಷ ಸ್ಟಿಗ್ ಬ್ಲೊಮ್‌ಕ್ವಿಸ್ಟ್ ವಿಶ್ವ ಚಾಂಪಿಯನ್ ಆದಾಗ ಜಗತ್ತು ಟರ್ಬೊದ ಸದ್ದು ಕೇಳಿತು. ಆ ಟೊಳ್ಳು ಶಾಫ್ಟಿನ ಹೆಸರು ಹೇಳಿದವರು ಬೆರಳೆಣಿಕೆಯಷ್ಟು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಗೇರ್ ಹಲ್ಲು ಮುರಿಯುವುದು ಅಶ್ವಶಕ್ತಿಯಿಂದ ಅಲ್ಲ, ಟಾರ್ಕಿನಿಂದ. ಎಂಜಿನ್ 400 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟಿತೆನ್ನಿ. ಮೊದಲ ಗೇರಿನ ಅನುಪಾತ 3.2 ಇದ್ದರೆ ಗೇರ್‌ಬಾಕ್ಸಿನಿಂದ ಹೊರಬರುವಾಗ ಅದು 1280 ಆಗುತ್ತದೆ. ಕ್ರೌನ್ ಮತ್ತು ಪಿನಿಯನ್ ಗೇರುಗಳ ಅನುಪಾತ 4.1 ಇದ್ದರೆ ಚಕ್ರಗಳ ಬಳಿ ಒಟ್ಟು 5200 ದಾಟುತ್ತದೆ. ಎರಡೇ ಚಕ್ರಕ್ಕೆ ಬಲ ಹೋಗುವ ಕಾರಿನಲ್ಲಿ ಇಷ್ಟು ಹೊತ್ತಿಗೆ ಟೈರ್ ಜಾರಿಬಿಡುತ್ತದೆ. ಮನೆಯ ಫ್ಯೂಸ್ ಸುಟ್ಟು ವೈರಿಂಗ್ ಉಳಿದ ಹಾಗೆ, ಹೊಗೆ ಎದ್ದು ಗೇರ್ ಉಳಿಯುತ್ತದೆ. ನಾಲ್ಕೂ ಟೈರ್ ರಸ್ತೆ ಕಚ್ಚಿ ಹಿಡಿದಾಗ ಜಾರುವುದಕ್ಕೆ ಏನೂ ಇರುವುದಿಲ್ಲ. ಪೆಟ್ಟು ನೇರ ಹಲ್ಲಿನ ಮೇಲೆ, ಶಾಫ್ಟಿನ ಮೇಲೆ, ಕ್ಲಚ್ಚಿನ ಮೇಲೆ. ಟರ್ಬೊದ ಟಾರ್ಕ್ ಮೆಲ್ಲಗೆ ಏರುವುದೂ ಇಲ್ಲ, ಟರ್ಬೊ ಒತ್ತುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಬಂದೊಡನೆ ಒಮ್ಮೆಲೇ ನುಗ್ಗುತ್ತದೆ. ಈ ಕ್ಷೇತ್ರದ ಮುಂದಿನ ಬೆಳವಣಿಗೆಯೆಲ್ಲ ಈ ಪೆಟ್ಟಿಗೆ ಹುಡುಕಿಕೊಂಡ ಉತ್ತರಗಳು.

ಜಪಾನಿನ ಉತ್ತರ ದೊಡ್ಡದು. 1989ರಲ್ಲಿ ಬಂದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ನಾವೆಲ್ಲ ಆರ್32 ಎಂದು ಕರೆಯುವ ಕಾರು, ಗ್ರೂಪ್ ಎ ರೇಸಿನ ನಿಯಮ ಕಣ್ಣಮುಂದಿಟ್ಟುಕೊಂಡೇ ಹುಟ್ಟಿದ್ದು. ಟರ್ಬೊ ಎಂಜಿನ್ನಿನ ಗಾತ್ರವನ್ನು 1.7ರಿಂದ ಗುಣಿಸುತ್ತಿದ್ದ ಕಾಲವದು. 2568 ಸಿಸಿ ಎಂಜಿನ್ ಆ ಲೆಕ್ಕದಲ್ಲಿ 4500 ಸಿಸಿ ವರ್ಗದೊಳಗೆ ನಿಂತಿತು. ಜಪಾನಿ ಕಂಪನಿಗಳ ಒಳ ಒಪ್ಪಂದದ ಪ್ರಕಾರ ಕಾಗದದ ಮೇಲೆ 280 ಅಶ್ವಶಕ್ತಿ. ಸಾಮಾನ್ಯ ಓಟದಲ್ಲಿ ಹಿಂದಿನ ಚಕ್ರಗಳಷ್ಟೇ ಎಳೆಯುತ್ತವೆ. ಅವು ಜಾರುವುದನ್ನು ಸೆನ್ಸರ್‌ಗಳು ಹಿಡಿದ ಕೂಡಲೇ ಎಣ್ಣೆಯಲ್ಲಿ ಮುಳುಗಿದ ಬಹುಫಲಕ ಕ್ಲಚ್ಚನ್ನು ಹೈಡ್ರಾಲಿಕ್ ಒತ್ತಡ ಬಿಗಿದು, ಅರ್ಧದವರೆಗೂ ಬಲವನ್ನು ಮುಂದಕ್ಕೆ ಕಳಿಸುತ್ತದೆ. ಜಪಾನಿನ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ನಲ್ಲಿ 1990ರಿಂದ 1993ರವರೆಗೆ 29 ರೇಸುಗಳಲ್ಲಿ 29ನ್ನೂ ಈ ಕಾರೇ ಗೆದ್ದಿತು. ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ 1991, 1992 ಎರಡೂ ವರ್ಷ ಗೆದ್ದರು. ಎಂಜಿನ್ನಿಗೆ ಸಿಕ್ಕ ಹೊಗಳಿಕೆಯಲ್ಲಿ ಆ ಕ್ಲಚ್ಚಿಗೂ ಪಾಲು ಸಲ್ಲಬೇಕಿತ್ತು.

ಕಾರ್ಖಾನೆ ಕೊಟ್ಟದ್ದರ ಮೇಲೆ ಬಲ ಸೇರಿಸಲು ಹೊರಟವರಿಗೆ ಆರ್32 ಪಾಠಶಾಲೆಯಾಯಿತು. ಅದರ ಟರ್ಬೊಗಳ ಟರ್ಬೈನ್ ಚಕ್ರ ಸಿರಾಮಿಕ್‌ನದು. ಹಗುರ, ಬೇಗ ತಿರುಗುತ್ತದೆ. ಆದರೆ ಬೂಸ್ಟ್ ಒಂದು ಬಾರ್ ಆಸುಪಾಸು ಬಂದರೆ ಚೂರಾಗುವ ಭಯ. ಹಾಗಾಗಿ ಮೊದಲ ಕೆಲಸ ಉಕ್ಕಿನ ಟರ್ಬೈನ್. ಎರಡನೆಯದು ಆಯಿಲ್ ಪಂಪ್: ಮೊದಲ ವರ್ಷಗಳ ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ತುದಿ ಪಂಪಿನ ಗೇರನ್ನು ಹಿಡಿಯುವ ಜಾಗ ಕಿರಿದು, ಎಂಜಿನ್ ಪದೇ ಪದೇ ಮಿತಿ ಮುಟ್ಟಿದರೆ ಗೇರ್ ಸೀಳುತ್ತದೆ. ಅದಾದ ಮೇಲೆ ಕ್ಲಚ್, ಗೇರ್‌ಬಾಕ್ಸ್. 1973ರಲ್ಲಿ ಶುರುವಾದ ಜಪಾನಿನ ಎಚ್‌ಕೆಎಸ್ ಕಂಪನಿ ಎಂಜಿನ್ನಿನ ಗಾತ್ರವನ್ನು 2.8 ಲೀಟರಿಗೆ ಏರಿಸುವ ಕಿಟ್ ಕೊಟ್ಟಿತು. ಅಲ್ಲಿನದೇ ಓಎಸ್ ಗಿಕೆನ್ ಕಂಪನಿ ಅವಳಿ ಫಲಕದ ಕ್ಲಚ್ಚನ್ನೂ ಆರು ಗೇರಿನ ಸೀಕ್ವೆನ್ಷಿಯಲ್ ಬಾಕ್ಸನ್ನೂ ಕೊಟ್ಟಿತು. ನನ್ನ ಅಭಿಪ್ರಾಯದಲ್ಲಿ ಓಎಸ್ ಗಿಕೆನ್‌ನದೇ ದೊಡ್ಡ ಕೊಡುಗೆ.

ಅಮೆರಿಕದ ಉತ್ತರ ಬಡವರದು, ನನ್ನ ಪೀಳಿಗೆ ಕಲಿತದ್ದು ಅದರಿಂದಲೇ. ಇಲಿನಾಯ್ ರಾಜ್ಯದ ನಾರ್ಮಲ್ ಊರಿನ ಡೈಮಂಡ್-ಸ್ಟಾರ್ ಕಾರ್ಖಾನೆಯಲ್ಲಿ ತಯಾರಾದ ಮಿತ್ಸುಬಿಷಿ ಎಕ್ಲಿಪ್ಸ್ ಜಿಎಸ್‌ಎಕ್ಸ್ ಮತ್ತು ಈಗಲ್ ಟ್ಯಾಲನ್ ಕೂಪೆಗಳಲ್ಲಿ 4ಜಿ63 ಎಂಬ ಎರಡು ಲೀಟರಿನ ಟರ್ಬೊ ಎಂಜಿನ್ ಇತ್ತು. ಎರಕದ ಕಬ್ಬಿಣದ ಬ್ಲಾಕ್, ಎಷ್ಟು ಬೂಸ್ಟ್ ಕೊಟ್ಟರೂ ತಡೆದುಕೊಳ್ಳುವ ಗಟ್ಟಿ ಜೀವ. ಆರು ಬೋಲ್ಟಿನ ಕ್ರ್ಯಾಂಕ್ ಇದ್ದ ಮೊದಲಿನ ಎಂಜಿನ್‌ಗಳಿಗೆ ಇವತ್ತಿಗೂ ಬೇಡಿಕೆ. ಏಳು ಬೋಲ್ಟಿನ ಕೆಲವು ಎಂಜಿನ್‌ಗಳಲ್ಲಿ ಥ್ರಸ್ಟ್ ಬೇರಿಂಗ್ ಸವೆದು ಕ್ರ್ಯಾಂಕ್ ಹಿಂದೆ ಮುಂದೆ ಸರಿಯುತ್ತಿತ್ತು. ಕಾಲೇಜು ಹುಡುಗರು ಮಿತ್ಸುಬಿಷಿಯ ರ‍್ಯಾಲಿ ಕಾರುಗಳ ಟರ್ಬೊ ತಂದು ಇವಕ್ಕೆ ಹಾಕಿದರು. ಎಂಜಿನ್ ತಾಳಿಕೊಂಡಿತು, ಡ್ರೈವ್‌ಟ್ರೇನ್ ತಾಳಲಿಲ್ಲ. ನಡುವಿನ ಡಿಫರೆನ್ಷಿಯಲ್ಲಿನಲ್ಲಿ ಎರಡೇ ಸ್ಪೈಡರ್ ಗೇರ್ ಇದ್ದವು. ನಾಲ್ಕು ಹಾಕುವ ಪದ್ಧತಿ ಬಂತು. ಕೆಲವರು ಡಿಫರೆನ್ಷಿಯಲ್ಲನ್ನೇ ವೆಲ್ಡ್ ಮಾಡಿ ಮುಂದೆ ಹಿಂದೆ ಒಂದಾಗಿಸಿದರು. ಡ್ರ್ಯಾಗ್ ಪಟ್ಟಿಯ ಕಾಲು ಮೈಲಿಗೆ ಅದು ಸರಿ. ರಸ್ತೆಯ ತಿರುವಿನಲ್ಲಿ ಅಂಥ ಕಾರು ಒದ್ದಾಡುತ್ತದೆ. ಅದನ್ನು ಮಾಡಿಸಬೇಡಿ ಎಂದು ನಾನು ಬಂದವರಿಗೆಲ್ಲ ಹೇಳುತ್ತೇನೆ.

ಸುಬಾರುವಿನದು ಬೇರೆ ಬಗೆ. 1998ರ ಎರಡು ಬಾಗಿಲಿನ ಇಂಪ್ರೆಜ಼ 22ಬಿ ಜಪಾನಿಗೆಂದು 400 ಮಾತ್ರ ತಯಾರಾಯಿತು. ಅದರ ಐದು ಗೇರಿನ ಬಾಕ್ಸಿನ ಕವಚ ಉದ್ದಕ್ಕೆ ಎರಡು ಹೋಳು. ಟಾರ್ಕ್ ಹೆಚ್ಚಾದಾಗ ಕವಚ ಕೂದಲೆಳೆಯಷ್ಟು ಬಿರಿಯುತ್ತದೆ, ಶಾಫ್ಟ್‌ಗಳು ಒಂದರಿಂದ ಒಂದು ದೂರ ಸರಿಯುತ್ತವೆ, ಹಲ್ಲಿನ ತುದಿಯಷ್ಟೇ ಭಾರ ಹೊರುತ್ತದೆ. ಆಮೇಲೆ ಬಂದ ಆರು ಗೇರಿನ ಬಾಕ್ಸ್ ಇದಕ್ಕೆ ಪರಿಹಾರ. ಅದನ್ನು ಹಳೆಯ ಕಾರಿಗೆ ಕೂರಿಸುವವರು ಹಿಂದಿನ ಡಿಫರೆನ್ಷಿಯಲ್ಲನ್ನೂ ಅದೇ ಅನುಪಾತಕ್ಕೆ ಬದಲಿಸಲೇಬೇಕು. ಇಲ್ಲವಾದರೆ ಮುಂದೊಂದು ವೇಗ, ಹಿಂದೊಂದು ವೇಗ, ನಡುವೆ ಸುಡುವ ಡಿಫರೆನ್ಷಿಯಲ್.

ಸುಡುವುದೆಂದರೆ ಹೇಗಿರುತ್ತದೆ ಎಂಬುದನ್ನು ಶಾರ್ಜಾದಲ್ಲಿ ಬಿಚ್ಚಿದ ಒಂದು ಕೂಪೆಯಲ್ಲಿ ಕಂಡೆ. ಹೊಸ ಟರ್ಬೊ, ಹೊಸ ಇಂಟರ್‌ಕೂಲರ್, ಮುಂದೆ ಸವೆದ ಟೈರು, ಹಿಂದೆ ಹೊಸತು. ಡಿಫರೆನ್ಷಿಯಲ್ಲಿನ ಬೋಲ್ಟ್ ಸಡಿಲಿಸಿದಾಗ ಬಂದ ಎಣ್ಣೆ ಡಾಂಬರಿನ ಬಣ್ಣಕ್ಕೆ ತಿರುಗಿತ್ತು, ಮ್ಯಾಗ್ನೆಟ್ ಮೇಲೆ ಉಕ್ಕಿನ ಪುಡಿ ಮೆತ್ತಿಕೊಂಡಿತ್ತು, ಸ್ಪೈಡರ್ ಗೇರಿನ ಪಿನ್ ನೀಲಿಗಟ್ಟಿತ್ತು. ಟೈರಿನ ತ್ರಿಜ್ಯ 315 ಮಿ.ಮೀ. ಇದ್ದದ್ದು ಸವೆದು 310 ಆದರೆ ಆ ಚಕ್ರ ಪ್ರತಿ ಕಿಲೋಮೀಟರಿಗೆ ಎಂಟು ಸುತ್ತು ಹೆಚ್ಚು ತಿರುಗಬೇಕು. ನೇರ ರಸ್ತೆಯಲ್ಲೂ ಆ ವ್ಯತ್ಯಾಸವನ್ನು ಡಿಫರೆನ್ಷಿಯಲ್ ಬಿಡುವಿಲ್ಲದೆ ನುಂಗುತ್ತಿರಬೇಕು. ಅಲ್ಲಿ ನನಗೆ ಗೇರಿನ ಜಾಗ ಹೊಂದಿಸುವ ತೆಳು ಬಿಲ್ಲೆಯಾದ ಶಿಮ್ ಅಳೆಯಲು, ಹಲ್ಲುಗಳ ನಡುವಿನ ಸಡಿಲವಾದ ಬ್ಯಾಕ್‌ಲ್ಯಾಶ್ ನೋಡಲು ಕಲಿಸಿದ ಹಿರಿಯ ಮೇಸ್ತ್ರಿ ಉಡುಪಿ ಕಡೆಯವರು. ಕ್ರೌನ್ ವೀಲಿಗೆ ಬಣ್ಣ ಬಳಿದು ತಿರುಗಿಸಿ, ಹಲ್ಲಿನ ಮೇಲೆ ಮೂಡಿದ ಗುರುತು ನೋಡಿಯೇ ಎಷ್ಟು ಶಿಮ್ ಬೇಕೆಂದು ಹೇಳುತ್ತಿದ್ದರು. ಗಲ್ಫಿನ ಎಷ್ಟೋ ವೇಗದ ಕಾರುಗಳ ಹಿಂದೆ ಕರಾವಳಿಯ ಇಂಥ ಕೈಗಳಿವೆ.

2007ರ ಕೊನೆಗೆ ಆರ್35 ಜಿಟಿ-ಆರ್ ಬಂದಾಗ ಲೆಕ್ಕ ಬದಲಾಯಿತು. 3.8 ಲೀಟರಿನ ಅವಳಿ ಟರ್ಬೊ ವಿ6, 480 ಅಶ್ವಶಕ್ತಿ. ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಹಿಂದಿನ ಆಕ್ಸಲ್ ಬಳಿ. ಎಂಜಿನ್ನಿನಿಂದ ಹಿಂದಕ್ಕೆ ಒಂದು ಪ್ರೊಪೆಲ್ಲರ್ ಶಾಫ್ಟ್, ಮುಂದಿನ ಚಕ್ರಗಳಿಗೆ ವಾಪಸು ಬರಲು ಇನ್ನೊಂದು. ಇಕ್ಯುಟೆಕ್, ಕಾಬ್ ಮುಂತಾದವರ ಸಾಫ್ಟ್‌ವೇರ್ ಬಂದ ಮೇಲೆ ಬೂಸ್ಟ್ ಏರಿಸುವುದು ಒಂದು ಮಧ್ಯಾಹ್ನದ ಕೆಲಸವಾಯಿತು. ಈಗಿನ ತಪ್ಪು ತಿಳಿವಳಿಕೆ ಹುಟ್ಟಿದ್ದು ಇಲ್ಲಿಯೇ. ಮ್ಯಾಪ್ ಬರೆಯುವವರ ವಿದ್ಯೆ ಸಣ್ಣದಲ್ಲ: ಕೆಳಗಿನ ಗೇರಿನಲ್ಲಿ ಬೂಸ್ಟ್ ತಗ್ಗಿಸಿ ಮೇಲಿನ ಗೇರಿನಲ್ಲಿ ಬಿಡುವ ಅವರ ಕ್ರಮ ಎಷ್ಟೋ ಗೇರ್‌ಬಾಕ್ಸ್ ಉಳಿಸಿದೆ. ಆದರೆ ಫಲಕ ಹೆಚ್ಚಿಸಿದ ಕ್ಲಚ್, ಬಲವಾದ ಮೊದಲ ಗೇರ್, ಬಾಕ್ಸಿನ ಎಣ್ಣೆಗೆ ದೊಡ್ಡ ಕೂಲರ್ ಇವಿಲ್ಲದೆ ದೊಡ್ಡ ಅಂಕಿ ಬಹಳ ದಿನ ಬಾಳುವುದಿಲ್ಲ.  

ಜಿಟಿ-ಆರ್ ಭಾರತಕ್ಕೆ 2016ರಲ್ಲಿ ಸುಮಾರು ಎರಡು ಕೋಟಿ ರೂಪಾಯಿಗೆ ಬಂತು. ಇಲ್ಲಿನ ಸಂಗತಿಗಳನ್ನು ಜಪಾನಿನ ಮ್ಯಾಪ್ ತಿಳಿಯದು. ಅಲ್ಲಿ ಪ್ರೀಮಿಯಂ ಪೆಟ್ರೋಲೆಂದರೆ 100 ಆಕ್ಟೇನ್. ನಮ್ಮ ಸಾಮಾನ್ಯ ಬಂಕಿನಲ್ಲಿ ಆಗ 91 ಇತ್ತು. ಜಪಾನಿನ ಮ್ಯಾಪ್ ಅಂಥ ಪೆಟ್ರೋಲಿನ ಮೇಲೆ ಓಡಿದರೆ ಎಂಜಿನ್ ನಾಕ್ ಹೊಡೆದು ಪಿಸ್ಟನ್ ಹೋಗಬಹುದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದ್ದು ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಮಂಗಳೂರಿನಲ್ಲಿ ಸಿಗುವಷ್ಟೇ ಗಾಳಿ ಒತ್ತಲು ಟರ್ಬೊ ಇಲ್ಲಿ ಹೆಚ್ಚು ವೇಗವಾಗಿ ತಿರುಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮತ್ತು 2019ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಮರೆಯುವಂತಿಲ್ಲ. ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಬದಲಾವಣೆಗೆ ಅವುಗಳ ಪ್ರಕಾರ ಅವಕಾಶವಿಲ್ಲ. ರಸ್ತೆಗಿಳಿಯುವ ಕಾರಿಗೆ ಕೈ ಹಾಕುವ ಮೊದಲು ಅವನ್ನು ಓದಿ.

ಆರ್35 ತಯಾರಿಕೆ 2025ರ ಆಗಸ್ಟ್‌ನಲ್ಲಿ ನಿಂತಿತು. ಎಕ್ಲಿಪ್ಸ್, 22ಬಿ, ಆರ್32 ನಿಂತು ಬಹಳ ಕಾಲವಾಯಿತು. ಮ್ಯಾಪ್‌ಗಳು ಕಂಪ್ಯೂಟರಿನಲ್ಲಿ ಉಳಿಯುತ್ತವೆ. ಯಾವ ಬಾಕ್ಸಿಗೆ ಎಷ್ಟು ಬ್ಯಾಕ್‌ಲ್ಯಾಶ್ ಬಿಟ್ಟರೆ ಎಷ್ಟು ಬೂಸ್ಟ್ ತಾಳಿತು, ಯಾವ ಎಣ್ಣೆ ನಮ್ಮ ಸೆಖೆಗೆ ನಿಂತಿತು ಎಂಬುದು ಮೇಸ್ತ್ರಿಗಳ ತಲೆಯಲ್ಲಷ್ಟೇ ಇದೆ. ಅವರಲ್ಲಿ ಹಲವರು ಊರಿಗೆ ಮರಳಿದ್ದಾರೆ, ಕೆಲವರು ತೀರಿಕೊಂಡಿದ್ದಾರೆ. ಗಲ್ಫಿನಲ್ಲಿ, ಬೆಂಗಳೂರಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದ ಕನ್ನಡಿಗರು ಈ ಲೇಖನ ಓದುತ್ತಿದ್ದರೆ ಒಂದು ಕೋರಿಕೆ: ಕಾರಿನ ಮಾದರಿ, ಮುರಿದ ಭಾಗ, ಶಿಮ್ಮಿನ ಅಳತೆ, ಹಾಕಿದ ಎಣ್ಣೆ, ಕೊಟ್ಟ ಬೂಸ್ಟ್, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ, ನಿಮ್ಮ ಕೈಕೆಳಗೆ ಕಲಿಯುತ್ತಿರುವ ಹುಡುಗನಿಗೆ ಅದರ ಪ್ರತಿ ಕೊಡಿ.