ಫ್ಯೂಸ್ ಅರಿಯದ ದೋಷ

ದೀಪ ಮಿಣುಕುತ್ತದೆ, ಸ್ವಿಚ್ಚಿನ ಫಲಕ ಬಿಸಿಯಾಗುತ್ತದೆ, ಆದರೂ ಫ್ಯೂಸ್ ಹೋಗುವುದಿಲ್ಲ. ಅಮೆರಿಕದ ಅನೇಕ ಮನೆಗಳನ್ನು ಕಾಡಿದ ಒಗಟಿದು. ತಾಮ್ರದ ಬೆಲೆ ಏರಿದ್ದರಿಂದ 1965ರಿಂದ 1973ರವರೆಗೆ ಅಲ್ಲಿ ಲಕ್ಷಾಂತರ ಮನೆಗಳಿಗೆ ಅಲ್ಯೂಮಿನಿಯಮ್ ತಂತಿ ಹಾಕಲಾಗಿತ್ತು. 1974ರ ಏಪ್ರಿಲ್ 28ರಂದು ನ್ಯೂಯಾರ್ಕ್ ರಾಜ್ಯದ ಹ್ಯಾಂಪ್ಟನ್ ಬೇಸ್‌ನಲ್ಲಿ ಮನೆಯೊಂದಕ್ಕೆ ಬೆಂಕಿ ಬಿದ್ದು ಇಬ್ಬರು ಸತ್ತರು. ಸಾಕೆಟ್ ಒಂದರಲ್ಲಿ ಅಲ್ಯೂಮಿನಿಯಮ್ ತಂತಿಯ ಜೋಡಣೆ ಕೆಟ್ಟದ್ದೇ ಕಾರಣವೆಂದು ಅಗ್ನಿಶಾಮಕ ಅಧಿಕಾರಿಗಳು ಕಂಡುಕೊಂಡರು.

ಇಂಥ ಮನೆಗಳಲ್ಲಿ ಗೋಡೆಯೊಳಗಿನ ಉದ್ದನೆಯ ತಂತಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತಿತ್ತು. ಕೆಡುತ್ತಿದ್ದುದು ಸ್ಕ್ರೂವಿನಿಂದ ಬಿಗಿದ ತುದಿ. ಕಾದಾಗ ಅಲ್ಯೂಮಿನಿಯಮ್ ತಾಮ್ರದ ಸುಮಾರು 1.4 ಪಟ್ಟು ಹಿಗ್ಗುತ್ತದೆ. ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತದೆ. ಹೀಗೆ ಹಿಡಿತ ಸಡಿಲವಾದಲ್ಲಿ ವಿದ್ಯುತ್ತನ್ನು ಹರಿಯಗೊಡದ ಆಕ್ಸೈಡ್ ಪದರ ಬೆಳೆಯುತ್ತದೆ. ಜೋಡಣೆಯ ರೋಧ 1 ಓಮ್‌ಗೆ ಏರಿತೆನ್ನಿ. ಅದರಲ್ಲಿ 10 ಆಂಪಿಯರ್ ಪ್ರವಾಹ ಹರಿದರೆ ಆ ಪುಟ್ಟ ಜಾಗದಲ್ಲೇ 100 ವ್ಯಾಟ್ ಶಾಖ! ಪ್ರವಾಹ ಮಾತ್ರ ಮಿತಿಯೊಳಗೇ ಇರುವುದರಿಂದ ಫ್ಯೂಸ್ ಕರಗುವುದಿಲ್ಲ.

ಪರಿಹಾರ ಸಿಕ್ಕಿದ್ದೂ ತುದಿಯಲ್ಲೇ. ಅಲ್ಯೂಮಿನಿಯಮ್ ತಂತಿಗೆ ತಾಮ್ರದ ತುಂಡೊಂದನ್ನು ವಿಶೇಷ ಉಪಕರಣದಿಂದ ಬಲವಾಗಿ ಅದುಮಿ ಕೂಡಿಸಿ, ಆ ತಾಮ್ರವನ್ನು ಸ್ಕ್ರೂವಿಗೆ ಬಿಗಿಯುವ ಕ್ರಮ ಬಂದಿತು.

ತಂತಿ ಯಾವುದೇ ಇರಲಿ, ದೀಪ ಮಿಣುಕಿದರೆ, ಸುಟ್ಟ ವಾಸನೆ ಬಂದರೆ, ಫ್ಯೂಸನ್ನು ನಂಬಿ ಕೂರಬಾರದು. ಮೈನ್ ಸ್ವಿಚ್ ಆರಿಸಿ, ಬಲ್ಲವರಿಂದ ಮೊದಲು ಜೋಡಣೆಗಳನ್ನು ಪರೀಕ್ಷೆ ಮಾಡಿಸಬೇಕು.